ತಾರಸಿ ಸೋರಿದರೆ ಹೊಣೆ ಯಾರದು?

ಭವಿಷ್ಯನಿಧಿಯ ಹಣ ತೆಗೆದು, ಹೆಂಡತಿಯ ಸರ ಅಡವಿಟ್ಟು ಗಿರಣಿ ಕಾರ್ಮಿಕನೊಬ್ಬ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸುತ್ತಾನೆ. ಚೀಟಿ ಎತ್ತಿ ಚಿಲ್ಲರೆ ಅಂಗಡಿಯವನೂ ಹಾಗೆಯೇ ಕಟ್ಟಿಸುತ್ತಾನೆ. ಮೊದಲ ಮುಂಗಾರಿಗೇ ತಾರಸಿ ಸೋರುತ್ತದೆ. ಗುತ್ತಿಗೆದಾರನನ್ನು ಕೇಳಿದರೆ, "ಈ ಸಲ ಮಳೆ ಜೋರು, ಯಜಮಾನ್ರೆ" ಎನ್ನುತ್ತಾನೆ. ಒತ್ತಿ ಕೇಳಿದರೆ, "ಕೂಲಿಯವರು ಕೆಡಿಸಿದರು" ಎನ್ನುತ್ತಾನೆ. ಎರಡೂ ಸುಳ್ಳೆಂದು ನಾವು ಹೇಳುತ್ತೇವೆ.

ಕಾಂಕ್ರೀಟಿನಲ್ಲಿ ಗುಟ್ಟೇನೂ ಇಲ್ಲ. 2000ದ ಭಾರತೀಯ ಮಾನಕ 456ರಲ್ಲಿ ಎಲ್ಲವೂ ಅಚ್ಚಾಗಿದೆ. ಎಂ 20 ದರ್ಜೆಯ ಸಾಮಾನ್ಯ ಮಿಶ್ರಣದಲ್ಲಿ 50 ಕಿಲೋ ಸಿಮೆಂಟಿನ ಚೀಲವೊಂದಕ್ಕೆ ನೀರು 30 ಲೀಟರ್ ಮೀರಬಾರದು. ಎಂದರೆ 15 ಲೀಟರಿನ ಎರಡು ಕೊಡ. ಮೂರನೆಯ ಕೊಡ ಸುರಿದರೆ ಹರಡುವುದು ಸುಲಭ, ಕೆಲಸ ಬೇಗ. ಆದರೆ ಹೆಚ್ಚಿನ ನೀರು ಆರಿದ ಜಾಗವೆಲ್ಲ ಸಣ್ಣ ಸಣ್ಣ ತೂತು. ಅದರಲ್ಲಿ ಮಳೆನೀರು ಇಳಿದು ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ, ಕಾಂಕ್ರೀಟನ್ನು ಸೀಳಿ, ಮಲಗಿದವರ ತಲೆಯ ಮೇಲೆ ಚಕ್ಕೆ ಉದುರಿಸುತ್ತದೆ. ಸರಳಿನ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟು ಇರಬೇಕು. ಬಿಲ್ಲೆ ಇಡದೆ ಸರಳನ್ನು ಹಲಗೆಯ ಮೇಲೇ ಮಲಗಿಸಿದ್ದನ್ನು ನಾವು ಕಂಡಿದ್ದೇವೆ. ಪಿಪಿಸಿ ಸಿಮೆಂಟಾದರೆ 10 ದಿನವಾದರೂ ತಾರಸಿ ಒದ್ದೆಯಾಗಿರಬೇಕು. ಆನಿಕೆ ಕಂಬಗಳನ್ನು 4.5 ಮೀಟರಿನ ಒಳಗಿನ ಹರವಿಗೆ 7 ದಿನ, ಅದಕ್ಕೂ ಹೆಚ್ಚಾದರೆ 14 ದಿನ ಕೀಳಬಾರದು.

ಹಾಗಾದರೆ ಅವಸರ ಯಾರದು? ಬಾಣಲೆ ಹೊರುವ ಹೆಣ್ಣಾಳಿಗೆ ನೀರು ಹೆಚ್ಚಾದರೂ ಅದೇ ಕೂಲಿ, ಕಡಿಮೆಯಾದರೂ ಅದೇ ಕೂಲಿ. ಚದರಕ್ಕಿಷ್ಟೆಂದು ಗುತ್ತಿಗೆ ಹಿಡಿದವನಿಗೆ ಮಾತ್ರ ಉಳಿದ ದಿನವೆಲ್ಲ ಲಾಭ. ಅವನ ಸೆಂಟ್ರಿಂಗ್ ಹಲಗೆ ಮುಂದಿನ ಮನೆಗೆ ಓಡಬೇಕು! ಚದರಕ್ಕೆ ನೂರು ರೂಪಾಯಿ ಕಡಿಮೆಯೆಂದು ಅವನ ಬಳಿಗೇ ಓಡುವ ನಮ್ಮ ತಪ್ಪನ್ನೂ ನಾವು ಮುಚ್ಚಿಡುವುದಿಲ್ಲ.

ಕಾನೂನು ಯಾರ ಕಡೆಗಿದೆ? 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ ನೋಂದಾಯಿತ ಯೋಜನೆಯಲ್ಲಿ ಫ್ಲಾಟು ಕೊಂಡವನು 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ, ಕಟ್ಟಿ ಮಾರಿದವನು 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ಸ್ವಂತ ನಿವೇಶನದಲ್ಲಿ ಮೇಸ್ತ್ರಿಯಿಂದ ಕಟ್ಟಿಸುವ ಬಡವನಿಗೆ ಆ ರಕ್ಷಣೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಮನೆ ಕಟ್ಟುವುದನ್ನೂ ಸೇವೆಯೆಂದು ಒಪ್ಪಿದೆ. 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ಬಾಯಿಮಾತಿನ ಗುತ್ತಿಗೆಗೆ ಸಾಕ್ಷಿ ಎಲ್ಲಿದೆ?

ಆದುದರಿಂದ ನಾವು ಕೇಳುವುದು ಎರಡೇ. 5 ವರ್ಷದ ಹೊಣೆ ಸಣ್ಣ ಮನೆಯ ಗುತ್ತಿಗೆದಾರನ ಮೇಲೂ ಬೀಳಲಿ. ನಕ್ಷೆಗೆ ಶುಲ್ಕ ಎಣಿಸಿಕೊಳ್ಳುವ ನಗರಸಭೆ, ಕಾಂಕ್ರೀಟು ಹಾಕುವ ಮುನ್ನ ಇಂಜಿನಿಯರನ್ನು ಕಳಿಸಿ ಸರಳು ನೋಡಿಸಿ ಸಹಿ ಹಾಕಿಸಲಿ.

ಸಂಗಾತಿಗಳೇ, ಅಲ್ಲಿಯವರೆಗೆ ಕರಾರನ್ನು ಕಾಗದದ ಮೇಲೆ ಬರೆಸಿರಿ. ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವ ತನಕ ಕೈಯಲ್ಲಿಟ್ಟುಕೊಳ್ಳಿರಿ. ಕಾಂಕ್ರೀಟು ಹಾಕುವ ದಿನ ಗಿರಣಿಗೆ ರಜಾ ಹಾಕಿ, ಅಂಗಡಿಯ ಬಾಗಿಲೆಳೆದು, ಪಕ್ಕದಲ್ಲಿ ನಿಂತು ಕೊಡ ಎಣಿಸಿರಿ. ಹೆಂಚು ಒಡೆದರೆ ಬದಲಿಸಬಹುದು. ತಾರಸಿ ಬದಲಿಸುವ ತಾಕತ್ತು ನಮ್ಮಲ್ಲಿ ಯಾರಿಗೂ ಇಲ್ಲ.