ಹಮಾಲರ ಎತ್ತರವನ್ನೂ ಅಳೆಯಬೇಕು

ಮಕ್ಕಳೇ, ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು, ತಲೆಯ ಮಟ್ಟಕ್ಕೆ ಗೆರೆ ಹಾಕಿಸಿಕೊಳ್ಳಿ. ರಾತ್ರಿ ಮಲಗುವ ಮುನ್ನ ಅಲ್ಲಿಯೇ ಮತ್ತೊಮ್ಮೆ ನಿಲ್ಲಿ. ಎರಡನೆಯ ಗೆರೆ ತುಸು ಕೆಳಗೆ ಬಂದಿದ್ದರೆ ಅಳೆದವರನ್ನು ಬೈಯಬೇಡಿ. ಕುಗ್ಗಿರುವುದು ನೀವೇ!

ನಮ್ಮ ಬೆನ್ನುಮೂಳೆ ಒಂದೇ ಕೋಲಲ್ಲ, ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಮಣಿಗಳ ನಡುವೆ 23 ಮೆತ್ತನೆಯ ಬಿಲ್ಲೆಗಳಿವೆ. ವೈದ್ಯರು ಅವನ್ನು ಡಿಸ್ಕ್ ಎನ್ನುತ್ತಾರೆ. ಹಗಲೆಲ್ಲ ಮೈಭಾರ ಬಿದ್ದು ಬಿಲ್ಲೆಗಳ ನೀರು ಸ್ವಲ್ಪಸ್ವಲ್ಪವೇ ಹೊರಗೆ ಜಿನುಗುತ್ತದೆ. ಮಲಗಿದಾಗ ಮರಳಿ ತುಂಬಿಕೊಳ್ಳುತ್ತದೆ. ದೊಡ್ಡವರು ದಿನಕ್ಕೆ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಕುಗ್ಗುವುದುಂಟು. ಇದು ರೋಗವೇನಲ್ಲ.

ಆದರೆ ಹೆಗಲ ಮೇಲೆ ಮೂಟೆಯೂ ಇದ್ದರೆ? ಸಿಮೆಂಟಿನ ಚೀಲ 50 ಕಿಲೋ. ಗಂಗಾವತಿ ಕಡೆ ಭತ್ತದ ಚೀಲ 75 ಕಿಲೋ. ಎಷ್ಟೋ ಹಮಾಲರ ಮೈತೂಕಕ್ಕಿಂತ ಇದೇ ಹೆಚ್ಚು.

ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಕ್ಕೆ ಸೂಜಿ ತೂರಿಸಿ ಅಲ್ಲಿನ ಒತ್ತಡ ಅಳೆದರು. ಮಾರುಕಟ್ಟೆಯಲ್ಲಿ ದುಡಿಯುವವರಿಗೆ ಅದು ಆಗುವ ಮಾತೇ? 1984ರಲ್ಲಿ ಎಕ್ಲುಂಡ್ ಮತ್ತು ಕಾರ್ಲೆಟ್ ಸುಲಭದ ದಾರಿ ತೋರಿಸಿದರು. ಕೆಲಸಕ್ಕೆ ಮೊದಲು ಮತ್ತು ಕೆಲಸ ಮುಗಿದ ಮೇಲೆ ಎತ್ತರವನ್ನು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಅಳೆಯುವುದು, ಅಷ್ಟೇ. ಕತ್ತು, ಮಂಡಿ ಅಲುಗದಂತೆ ಚೌಕಟ್ಟಿಗೆ ಒರಗಿ ನಿಲ್ಲಬೇಕು. ರಜಾ ದಿನವೂ ಅದೇ ಹೊತ್ತಿಗೆ ಅಳೆಯಬೇಕು. ಏಕೆ ಹೇಳಿ? ಸುಮ್ಮನಿದ್ದರೂ ಕುಗ್ಗುತ್ತೇವಲ್ಲ, ಅದನ್ನು ಕಳೆದರೆ ತಾನೇ ಮೂಟೆಯ ಪಾಲು ಎಷ್ಟೆಂದು ತಿಳಿಯುವುದು! ಮರುದಿನ ಬೆಳಿಗ್ಗೆಯೂ ಅಳೆದರೆ, ರಾತ್ರಿಯ ವಿಶ್ರಾಂತಿ ಬೆನ್ನಿಗೆ ಸಾಕಾಯಿತೇ ಎಂಬುದೂ ಗೊತ್ತಾಗುತ್ತದೆ.

ಇಷ್ಟು ಸುಲಭದ ಅಳತೆ ಪ್ರತಿ ಎಪಿಎಂಸಿ ಯಾರ್ಡಿನಲ್ಲೂ ಆಗಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮ ಪಾಟಿಚೀಲವನ್ನು ತೂಗಲಾಯಿತು. 2019ರಲ್ಲಿ ನಮ್ಮ ಸರ್ಕಾರ 6ರಿಂದ 8ನೇ ತರಗತಿಯವರ ಚೀಲ 3ರಿಂದ 4 ಕಿಲೋ ಇರಲಿ ಎಂದು ಆದೇಶಿಸಿತು. ಒಳ್ಳೆಯದೇ ಆಯಿತು. ಆದರೆ ನಿಮ್ಮಲ್ಲಿ ಕೆಲವರ ಅಪ್ಪಂದಿರು ಹೊರುವ ಚೀಲ? ಒಬ್ಬ ಗಂಡಸು 55 ಕಿಲೋಗಿಂತ ಹೆಚ್ಚು ಹೊರುವಂತಿದ್ದರೆ ಅದನ್ನು ಬೇಗನೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. 75 ಕಿಲೋ ಚೀಲವನ್ನು ಎರಡು ಮಾಡಿ ಹೊಲಿದರೆ ಭತ್ತವೇನೂ ಕೆಡುವುದಿಲ್ಲ.

ಚೀಲ ಚಿಕ್ಕದಾದರೆ ಕೂಲಿಯೂ ಇಳಿದೀತೆಂದು ಹಮಾಲರೇ ಹೆದರಬಹುದು. ಅದಕ್ಕೂ ದಾರಿಯಿದೆ: ಚೀಲಕ್ಕೆ ಇಷ್ಟು ಎನ್ನುವ ಬದಲು ಕ್ವಿಂಟಾಲಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಲಿ.