ಎದೆಯ ಏರಿಳಿತದ ಲೆಕ್ಕ

ಡಾಕ್ಟರ್ ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಚಿಕಿತ್ಸೆ ಮಾಡುವವನೆಂದಲ್ಲ, ಕಲಿಸುವವನೆಂದು. ಆ ಹಳೆಯ ಅರ್ಥವನ್ನು ಉಳಿಸಿಕೊಂಡು ಬಂದವರಲ್ಲಿ ಆಸ್ಪತ್ರೆಗಳ ಕಿರಿಯ ವೈದ್ಯರೂ ಸೇರುತ್ತಾರೆ. ಪ್ರಾಧ್ಯಾಪಕರು ವಾರ್ಡಿಗೆ ಬಂದು, ರೋಗಿಗಳನ್ನು ನೋಡಿ, ನಾಲ್ಕು ಅಮೂಲ್ಯ ಮಾತುಗಳನ್ನಾಡಿ ತೆರಳುತ್ತಾರೆ. ಅನಂತರ ವಿದ್ಯಾರ್ಥಿಗಳ ಸಂಶಯಗಳನ್ನು ಪರಿಹರಿಸುವ ಹೊಣೆ ಬೀಳುವುದು ಅವರಿಗಿಂತ ಕೆಲವೇ ವರ್ಷ ಹಿರಿಯರಾದ ಈ ತರುಣರ ಮೇಲೆ.

ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದದ್ದು ೧೯೬೩ರಲ್ಲಿ. ಇಂದು ಆ ನಗರದಲ್ಲಿ ಸರ್ಕಾರಿ ವೈದ್ಯಕೀಯ ವಿದ್ಯಾಲಯವೂ ಇದೆ. ಸೇಡಂ, ಚಿಂಚೋಳಿ ಕಡೆಯ ತೊಗರಿಯ ಸೀಮೆಯಿಂದ ತಾಯಂದಿರು ಕಾಯಿಲೆಯ ಕೂಸುಗಳನ್ನೆತ್ತಿಕೊಂಡು ಬರುವುದು ಈ ನಗರಕ್ಕೇ.

ಸುಲೇಪೇಟದಿಂದ ಬಂದ ತಾಯಿಯೊಬ್ಬಳ ಮಡಿಲಲ್ಲಿ ಎಂಟು ತಿಂಗಳ ಕೂಸಿದೆಯೆಂದು ಭಾವಿಸಿಕೊಳ್ಳಿ.

“ಕೂಸಿಗೆ ಏನಾಗ್ಯಾದವ್ವಾ?” ಎಂದು ಕಿರಿಯ ವೈದ್ಯೆ ಕೇಳುತ್ತಾಳೆ.

“ಎರಡ್ ದಿನದಿಂದ ಕೆಮ್ಮು ಅದರೀ. ರಾತ್ರಿಯಿಂದ ಪಕ್ಕಿ ಹಾರ್ಲತ್ತಾವ್ರೀ.”

ದಕ್ಷಿಣದ ಜಿಲ್ಲೆಯಿಂದ ಬಂದ ವಿದ್ಯಾರ್ಥಿ, ಇಲ್ಲಿ ಹಕ್ಕಿಯ ಮಾತೇಕೆ ಬಂತೆಂದು ಕಣ್ಣರಳಿಸುತ್ತಾನೆ. ಕೈ ಮಾತ್ರ ಸ್ಟೆತೊಸ್ಕೋಪಿನ ಕಡೆಗೆ ಹೋಗುತ್ತದೆ.

“ಅದನ್ನು ಜೇಬಿನಲ್ಲಿಡು,” ಎನ್ನುತ್ತಾಳೆ ವೈದ್ಯೆ. “ಪಕ್ಕೆ ಒಳಕ್ಕೆ ಸೆಳೆಯುತ್ತಿದೆಯೆಂದು ತಾಯಿ ಆಗಲೇ ಹೇಳಿದಳು. ಅಂಗಿ ಸರಿಸಿ ಉಸಿರು ಎಣಿಸು.”

ವಿದ್ಯಾರ್ಥಿ ಅರ್ಧ ನಿಮಿಷ ಎಣಿಸಿ ಇಮ್ಮಡಿಗೊಳಿಸುತ್ತಾನೆ. ಆಕೆ ಒಪ್ಪುವುದಿಲ್ಲ. ಎಳೆಯ ಮಕ್ಕಳ ಉಸಿರು ಒಂದೇ ಗತಿಯಲ್ಲಿ ನಡೆಯುವುದಿಲ್ಲ; ಕೂಸು ಅಳದೆ ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ೬೦, ಒಂದು ವರ್ಷದೊಳಗಿನದಕ್ಕೆ ೫೦, ಐದು ವರ್ಷದೊಳಗಿನ ಮಗುವಿಗೆ ೪೦: ಉಸಿರು ಈ ಸಂಖ್ಯೆಯನ್ನು ಮುಟ್ಟಿತೆಂದರೆ ಅದು ವೇಗದ ಉಸಿರು. ಕೆಮ್ಮಿನೊಡನೆ ಅದು ಕಂಡರೆ ನ್ಯುಮೋನಿಯವನ್ನು ಶಂಕಿಸಬೇಕು. ಮತ್ತೆ ಎಣಿಸಿದಾಗ ೫೮ ಬರುತ್ತದೆ. ವಿದ್ಯಾರ್ಥಿಯ ಮುಖ ಗಂಭೀರವಾಗುತ್ತದೆ, ಚಿಕಿತ್ಸೆಗೆ ತಡವಾಗುವುದಿಲ್ಲ.

ಈ ಪಾಠವೂ ಪುಸ್ತಕದಲ್ಲಿದೆ. ಆದರೆ ತಾನು ನಿನ್ನೆ ಮೊನ್ನೆ ಎಡವಿದ ಜಾಗವನ್ನು ಕಿರಿಯ ವೈದ್ಯೆ ಮರೆತಿಲ್ಲ. ವಿದ್ಯಾರ್ಥಿ ಎಲ್ಲಿ ಎಡವುವನೆಂದು ಅವಳಿಗೆ ಗೊತ್ತು. ಪ್ರಾಧ್ಯಾಪಕರೆದುರು ಕೇಳಲು ನಾಚುವ ಪ್ರಶ್ನೆಯನ್ನು ಅವನು ಅವಳೆದುರು ಕೇಳಬಲ್ಲ. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ರಾತ್ರಿಯೆಲ್ಲ ದುಡಿದು ದಣಿದವರು ಅವಸರದಲ್ಲಿ ಹೇಳಿಕೊಟ್ಟರೆ ತಪ್ಪೂ ಪಾಠವಾಗಿಬಿಡುತ್ತದೆ. ಆದುದರಿಂದ ಕಲಿಸುವವರಿಗೆ ಕಲಿಸುವ ವಿಧಾನವನ್ನೂ, ಅದಕ್ಕೆ ಬೇಕಾದ ಬಿಡುವನ್ನೂ ಒದಗಿಸುವುದು ಹಿರಿಯರ ಕರ್ತವ್ಯ.

ಏಕೆಂದರೆ ಈ ವಿದ್ಯಾರ್ಥಿ ನಾಳೆ ಯಾವುದೋ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಬ್ಬನೇ ಕುಳಿತಿರಬಹುದು. ಅಲ್ಲಿ ಕೇಳೋಣವೆಂದರೆ ಪ್ರಾಧ್ಯಾಪಕರಿಲ್ಲ. ತಕ್ಷಣ ಎಕ್ಸ್‌ರೇ ಸಿಗಲಿಕ್ಕಿಲ್ಲ. ಗಡಿಯಾರವೊಂದು, ಎರಡು ಕಣ್ಣು, ತಾಯಿಯ ಮಾತು ಇಷ್ಟೇ ಸಾಧನ.

ಪಟ್ಟಣದ ಗೃಹಿಣಿಯರಿಗೂ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಕೂಸು ಹಾಲು ಕುಡಿಯಲಾರದಾದರೆ, ಕುಡಿದುದನ್ನೆಲ್ಲ ಕಾರಿದರೆ, ಎಬ್ಬಿಸಿದರೂ ಎಚ್ಚರಗೊಳ್ಳದಿದ್ದರೆ, ಸೆಳವು ಬಂದರೆ, ಪಕ್ಕೆ ಒಳಕ್ಕೆ ಸೆಳೆದರೆ ಬೆಳಗಾಗಲೆಂದು ಕಾಯಬಾರದು. ಮಾತು ಬಾರದ ಕೂಸು ತನ್ನ ಸಂಕಟವನ್ನು ಉಸಿರಿನಲ್ಲೇ ಹೇಳುತ್ತದೆ. ಎಣಿಸುವವರು ಬೇಕು, ಅಷ್ಟೆ.