ನಾವು ಭಾಷೆ ಬದಲಿಸುವುದಿಲ್ಲ

ಕಳೆದ ತಿಂಗಳು ಬೆಂಗಳೂರಿನ ಒಂದು ತರಕಾರಿ ಗಾಡಿಯ ಮುಂದೆ, ಒಡಿಶಾದಿಂದ ಬಂದ ಸೆಕ್ಯೂರಿಟಿ ಗಾರ್ಡ್ ಒಬ್ಬರು ಎರಡು ಸಲ ತುಟಿಯಲ್ಲೇ ಗುನುಗಿಕೊಂಡು ಕೊನೆಗೆ ಬಾಯಿಬಿಟ್ಟರು: "ನಾನು ಎರಡು ಕಟ್ಟು ಕೊತ್ತಂಬರಿ ಬೇಕು." ಗಾಡಿಯವರು ತಕ್ಷಣ ಹಿಂದಿಯಲ್ಲಿ ರೇಟು ಹೇಳಿದರು. ಸೌಜನ್ಯಕ್ಕೇ ಹೇಳಿದ್ದು. ಕೊತ್ತಂಬರಿ ಚೀಲಕ್ಕೆ ಬಿತ್ತು, ಅವರ ಕನ್ನಡ ಅಲ್ಲಿಗೇ ನಿಂತಿತು.

ನಾವೂ ಇದನ್ನೇ ಮಾಡುತ್ತ ಬಂದವರು. ಎದುರಿನವರು ಕೊಂಚ ತಡವರಿಸಿದರೆ ಸಾಕು, ಹಿಂದಿಗೋ ಇಂಗ್ಲಿಷಿಗೋ ಜಾರುತ್ತೇವೆ. ಆಮೇಲೆ, ಹತ್ತು ವರ್ಷದಿಂದ ಇಲ್ಲಿದ್ದರೂ ಕನ್ನಡ ಕಲಿತಿಲ್ಲವೆಂದು ದೂರುತ್ತೇವೆ. ಗದರಿಸಿ ಯಾರಿಗೂ ಮಾತು ಕಲಿಸಲಾಗದು. ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು. ಅವರನ್ನು ನೆನೆಯುತ್ತೇವೆ, ಅವರೆದುರು ಕೂತು ಕನ್ನಡದಲ್ಲೇ ಮಾತಾಡಿದ ಊರವರನ್ನು ನೆನೆಯುವುದಿಲ್ಲ. ಹೊಸಬರಿಗೆ ಕನ್ನಡ ಮಾತು ಕಲಿಸುವ ನಮ್ಮ ಚಳವಳಿ ಆ ಊರವರ ಸಾಲಿನದು.

ಪ್ರತಿ ಭಾನುವಾರ ಬೆಳಿಗ್ಗೆ, ಪಾರ್ಕಿನ ಕಲ್ಲುಬೆಂಚಿನ ಮೇಲೆ, ಒಂದು ಗಂಟೆ. ಕಲಿಸುವ ಒಬ್ಬರಿಗೆ ಕಲಿಯುವವರು ಇಬ್ಬರೇ; ಮೂರನೆಯವರು ಸೇರಿದರೆ ಯಾರಾದರೊಬ್ಬರು ಸುಮ್ಮನಾಗಿಬಿಡುತ್ತಾರೆ. ಫೀಸಿಲ್ಲ, ಪರೀಕ್ಷೆಯಿಲ್ಲ. ಪುಸ್ತಕದ 'ಹೋಗುತ್ತೇನೆ' ಇಲ್ಲಿಯ ಬೀದಿಯಲ್ಲಿ 'ಹೋಗ್ತೀನಿ'. ನಾವು ಬೀದಿಯದನ್ನೇ ಕಲಿಸುತ್ತೇವೆ, ನಾಳೆ ಅವರ ಕಿವಿಗೆ ಬೀಳುವುದು ಅದೇ.

'ನಾನು ಬೇಕು' ಎಂದರೆ ಅರ್ಥವೇ ಬೇರೆ, ನಿಜ. ಆದರೂ ನಡುವೆ ತಡೆಯುವುದಿಲ್ಲ. "ಓ, ನಿಮಗೆ ಎರಡು ಕಟ್ಟು ಬೇಕಾ? ತಗೊಳ್ಳಿ" ಎನ್ನುತ್ತೇವೆ. ತಿದ್ದುಪಡಿ ಉತ್ತರದೊಳಗೇ ಇರುತ್ತದೆ. ನಾಲ್ಕು ಸಲ ಕೇಳಿದ ಮೇಲೆ "ಹೂಂ, ನನಗೆ ಬೇಕು" ತಾನಾಗಿ ಬಾಯಿಗೆ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮಗೆ ಹಟ. ಕಟ್ಟಡದ ಕೆಲಸಕ್ಕೆ ಬಂದ ಎಷ್ಟೋ ಮಂದಿ ಮೊದಲು ಕೇಳುವ ಕನ್ನಡ ಮೇಸ್ತ್ರಿಯದು: 'ಬಾ', 'ಹೋಗು', 'ಬೇಗ ಎತ್ತು'. ಅದನ್ನೇ ಬೀದಿಯ ಅಜ್ಜಿಗೂ ಅಂದು ಬೈಸಿಕೊಳ್ಳುತ್ತಾರೆ. ಅವರನ್ನು ಯಾರಾದರೂ 'ಬನ್ನಿ' ಎಂದು ಕರೆದಿದ್ದರೆ ತಾನೇ ಅವರಿಗೆ ಆ ಮಾತು ಗೊತ್ತಿರುವುದು? ಆದ್ದರಿಂದ ನಮ್ಮ ಮೊದಲ ಪಾಠ: "ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀತೀರಾ?"

ನಮ್ಮ ಜೊತೆ ಸೇರುವವರಿಗೆ ಪದವಿ ಬೇಡ, ವ್ಯಾಕರಣವೂ ಬೇಡ. ಎದುರಿನವರು ಪದ ಹುಡುಕುತ್ತಿರುವಾಗ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಇದು ಕಷ್ಟ; ಪದ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕೊಡದೆ ಕಾಯಬೇಕು.

ಬರುವ ಭಾನುವಾರ ಏಳೂವರೆಗೆ ಆ ಗಾರ್ಡ್ ಬರುತ್ತಾರೆ, ರಾತ್ರಿ ಪಾಳಿ ಮುಗಿಸಿ ನೇರವಾಗಿ. ಯಾರಾದರೂ ಫ್ಲಾಸ್ಕಿನಲ್ಲಿ ಕಾಫಿ ತನ್ನಿ.